ತಕ್ಕಡಿಯ ಕೊನೆಯ ಅಂಕಿಯನ್ನು ಎಷ್ಟು ನಂಬಬೇಕು?

(ಮೈಸೂರಿನಲ್ಲಿ ಶೂಟಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಮತ್ತು ಕೆಲವು ವಿಜ್ಞಾನ ಮೇಷ್ಟ್ರುಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಗೀಚಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ತೂಕದ ಯಂತ್ರಗಳದ್ದು. ಅಂಗಡಿ ತಕ್ಕಡಿ, ಚಿನ್ನದ ತಕ್ಕಡಿ, ಲ್ಯಾಬಿನ ಬ್ಯಾಲೆನ್ಸ್, ಏನೇ ಬಂದರೂ ಬಿಚ್ಚಿ, ಸರಿ ಮಾಡಿ, ಬಟ್ಟು ಇಟ್ಟು ಪರೀಕ್ಷೆ ಮಾಡಿ ಕಳಿಸುವುದು. ನಿಮ್ಮ ಕ್ಲಬ್ಬಿನವರು ಬಂದು ಒಂದು ಪ್ರಶ್ನೆ ಕೇಳಿದರು. ಹೊರದೇಶಗಳಲ್ಲಿ ಶೂಟರ್‌ಗಳು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರಲ್ಲ, ಅವರು ತಕ್ಕಡಿಗೆ ಅಷ್ಟೊಂದು ದುಡ್ಡು ಸುರಿಯುವುದು ಯಾಕೆ, ಅದರಿಂದ ನಿಜಕ್ಕೂ ಏನಾದರೂ ಲಾಭ ಇದೆಯಾ ಅಂತ. ಪ್ರಶ್ನೆ ನನಗೆ ತುಂಬಾ ಹಿಡಿಸಿತು. ತಕ್ಕಡಿಯ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ತೋಟಾ ತಯಾರಿಸಲು ಲೈಸೆನ್ಸ್ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಇರುವುದೇ ಅದಕ್ಕೆ. ಹಾಗಾಗಿ ಇವತ್ತಿನ ಮಾತು ಕೇಳಿ ಮನೆಯಲ್ಲಿ ಯಾರೂ ಏನೂ ಮಾಡಲು ಹೋಗಬಾರದು. ಮೇಜಿನ ಮೇಲೆ ನಾನು ಬಂದೂಕಿನ ಮದ್ದು ತಂದಿಲ್ಲ. ಒಂದು ತಕ್ಕಡಿ, ಒಂದಿಷ್ಟು ಬಟ್ಟು ಮತ್ತು ಒಂದು ಬಟ್ಟಲು ರಾಗಿ ತಂದಿದ್ದೇನೆ. ನಮಗೆ ಅಷ್ಟು ಸಾಕು.

ತೋಟಾ ತುಂಬುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕೇಸನ್ನು ಬಿಸಾಡುವುದಿಲ್ಲ. ಅದನ್ನು ತೊಳೆದು, ಆಕಾರಕ್ಕೆ ತಂದು, ಹಿಂಭಾಗಕ್ಕೆ ಹೊಸ ಪ್ರೈಮರ್ (ಪಿನ್ ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ) ಕೂರಿಸಿ, ಒಳಗೆ ಅಳೆದ ಮದ್ದು ಹಾಕಿ, ಮೇಲೆ ಗುಂಡು ಒತ್ತುತ್ತಾರೆ. ಅಮೆರಿಕದಲ್ಲಿ, ಯುರೋಪಿನ ಕೆಲವು ದೇಶಗಳಲ್ಲಿ ಇದು ದೊಡ್ಡ ಹವ್ಯಾಸ. ನಮ್ಮಲ್ಲಿ ನೀವು ಬಳಸುವ ಪಾಯಿಂಟ್ ಟೂ ಟೂ ತೋಟಾದಲ್ಲಿ ಪ್ರೈಮರ್ ಮಸಾಲೆ ಕೇಸಿನ ಅಂಚಿನೊಳಗೇ ಇರುತ್ತದೆ. ಪಿನ್ ಆ ಅಂಚನ್ನು ಜಜ್ಜಿದರೆ ಕೇಸಿನ ಕಥೆ ಅಲ್ಲಿಗೆ ಮುಗಿಯಿತು. ಅದನ್ನು ಮತ್ತೆ ತುಂಬುವ ಮಾತೇ ಇಲ್ಲ.

ಹಾಗಾದರೆ ನಾವು ಯಾಕೆ ಇದನ್ನು ಮಾತಾಡಬೇಕು? ಅಳತೆ ಮತ್ತು ಗುರಿ, ಇವೆರಡರ ಸಂಬಂಧ ಇಷ್ಟು ಬೆತ್ತಲೆಯಾಗಿ ಕಾಣುವ ಜಾಗ ಬೇರೊಂದಿಲ್ಲ, ಅದಕ್ಕೆ. ನೀವು ಏರ್ ರೈಫಲ್‌ನ ಸಣ್ಣ ಗುಂಡು, ಅಂದರೆ ಪೆಲೆಟ್ ತೂಗುವಾಗಲೂ ಇದೇ ಲೆಕ್ಕ.

ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. 1 ಗ್ರೇನ್ ಅಂದರೆ 64.8 ಮಿಲಿಗ್ರಾಂ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ಇದು ಯಾವುದೋ ಪರದೇಶದ ಲೆಕ್ಕ ಅಂದುಕೊಳ್ಳಬೇಡಿ. ನಮ್ಮ ಅಜ್ಜಿಯರು ಚಿನ್ನ ಕೊಂಡ ತೊಲ ಇದೆಯಲ್ಲ, ಬ್ರಿಟಿಷರ ಕಾಲದಲ್ಲಿ ಅದನ್ನು ನಿಗದಿ ಮಾಡಿದ್ದೇ 180 ಗ್ರೇನ್ ಅಂತ. ಆಗಿನ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ, 11.66 ಗ್ರಾಂ. ತೊಲಕ್ಕೆ 96 ಗುಲಗಂಜಿ ಅಂತ ಲೆಕ್ಕ ಹಾಕಿದರೆ ಒಂದು ಗುಲಗಂಜಿ ಎರಡು ಗ್ರೇನಿಗೆ ಸ್ವಲ್ಪ ಕಡಿಮೆ. ರೈಫಲ್ ತೋಟಾಕ್ಕೆ ಹಾಕುವ ಮದ್ದು ಹೆಚ್ಚುಕಡಿಮೆ ಇಪ್ಪತ್ತು ಗುಲಗಂಜಿ ತೂಕ ಅನ್ನಿ. ಇವತ್ತು ಲೆಕ್ಕಕ್ಕೆ ಸುಲಭವಾಗಲಿ ಅಂತ 40 ಗ್ರೇನ್ ಅಂತಲೇ ಇಟ್ಟುಕೊಳ್ಳೋಣ. ಗ್ರಾಂನಲ್ಲಿ ಹೇಳಿದರೆ 2.6. ಇದು ಉದಾಹರಣೆಗೆ ತೆಗೆದುಕೊಂಡ ಅಂಕಿ, ಯಾವ ತೋಟಾಕ್ಕೂ ಸಂಬಂಧಪಟ್ಟಿದ್ದಲ್ಲ.

ಹವ್ಯಾಸಿಗಳು ಬಳಸುವ ಸಾಮಾನ್ಯ ಎಲೆಕ್ಟ್ರಾನಿಕ್ ತಕ್ಕಡಿ 0.1 ಗ್ರೇನ್ ತನಕ ತೋರಿಸುತ್ತದೆ. ಡಬ್ಬದ ಮೇಲೆ ‘ನಿಖರತೆ ಪ್ಲಸ್ ಆರ್ ಮೈನಸ್ 0.1 ಗ್ರೇನ್’ ಅಂತ ಬರೆದಿರುತ್ತದೆ. 0.1 ಗ್ರೇನ್ ಅಂದರೆ ಆರೂವರೆ ಮಿಲಿಗ್ರಾಂ. ಒಂದು ರಾಗಿ ಕಾಳು ಎರಡೂವರೆ, ಮೂರು ಮಿಲಿಗ್ರಾಂ ತೂಗುತ್ತದೆ. ಅಲ್ಲಿಗೆ ಎರಡು ರಾಗಿ ಕಾಳು, ಇಲ್ಲವೇ ಮೂರು. ಕಡ್ಡಿಯಾಕಾರದ ರೈಫಲ್ ಮದ್ದಿನ ಒಂದು ತುಣುಕು ಇನ್ನೂ ಹಗುರ, ಸುಮಾರು 0.02 ಗ್ರೇನ್.

ಈಗ ಮೇಜಿನ ಹತ್ತಿರ ಬನ್ನಿ, ನೋಡಿ. ತಟ್ಟೆಯಲ್ಲಿ 2 ಗ್ರಾಂ ಬಟ್ಟು ಇಟ್ಟಿದ್ದೇನೆ. 30.9 ಗ್ರೇನ್ ಅಂತ ತೋರಿಸುತ್ತಿದೆ. ಸರಿಯಾಗಿಯೇ ಇದೆ. 2 ಗ್ರಾಂ ಅಂದರೆ 30.86 ಗ್ರೇನ್, ತಕ್ಕಡಿ ಅದನ್ನು ದುಂಡಗೆ ಮಾಡಿ ಹೇಳುತ್ತಿದೆ. ಈಗ ಚಿಮುಟದಲ್ಲಿ ಒಂದು ರಾಗಿ ಕಾಳು ಹಾಕುತ್ತೇನೆ. ಅಂಕಿ ಕದಲಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕದಲಲಿಲ್ಲ. ಮತ್ತೆ ಕಾದು ಇನ್ನೊಂದು, ಆಮೇಲೆ ಇನ್ನೊಂದು. ನಾಲ್ಕು ಕಾಳು ಬಿದ್ದಾಯಿತು, ಅಂದರೆ ಹತ್ತಕ್ಕಿಂತ ಜಾಸ್ತಿ ಮಿಲಿಗ್ರಾಂ. ತಕ್ಕಡಿ ಇನ್ನೂ 30.9 ಅನ್ನುತ್ತಿದೆ. ಈಗ ತಟ್ಟೆಯನ್ನು ಮೆಲ್ಲಗೆ ಎತ್ತಿ, ಮತ್ತೆ ಇಡುತ್ತೇನೆ. ನೋಡಿ, 31.0.

ಏನಾಯಿತು? ತಕ್ಕಡಿ ಕೆಟ್ಟಿಲ್ಲ. ಇಂಥ ಅಗ್ಗದ ತಕ್ಕಡಿಗಳ ಒಳಗಿನ ಪ್ರೋಗ್ರಾಮ್ ಅಂಕಿ ನಡುಗದಂತೆ ಹಿಡಿದಿಡುತ್ತದೆ. ಅಂಗಡಿಯವನಿಗೆ, ಗಿರಾಕಿಗೆ ನಿಂತ ಅಂಕಿ ಬೇಕು. ಅದಕ್ಕೆ ನಿಧಾನವಾಗಿ ಆಗುವ ಸಣ್ಣ ಬದಲಾವಣೆಯನ್ನು ಅದು ಗಾಳಿ ಅಂತಲೋ, ಬಿಸಿ ಅಂತಲೋ ತಿಳಿದು ನುಂಗಿಬಿಡುತ್ತದೆ. ಮದ್ದು ತುಂಬುವವರು ಮಾಡುವುದೂ ಇದನ್ನೇ ಅಲ್ವಾ? 39.8 ತನಕ ಬೇಗ ಸುರಿದು, ಕೊನೆಯ ತುಣುಕುಗಳನ್ನು ಒಂದೊಂದಾಗಿ ಉದುರಿಸುತ್ತಾರೆ. ಸರಿಯಾಗಿ ಆ ಹೊತ್ತಿಗೆ ತಕ್ಕಡಿ ಕಣ್ಣು ಮುಚ್ಚಿಕೊಂಡಿರುತ್ತದೆ. ತಿಳಿದವರು ಕೊನೆಯಲ್ಲಿ ತಟ್ಟೆ ಎತ್ತಿ ಮತ್ತೆ ಇಟ್ಟು ನೋಡುತ್ತಾರೆ. ಒಂದು ಪೈಸೆ ಖರ್ಚಿಲ್ಲ. ಆದರೂ ದುಬಾರಿ ತಕ್ಕಡಿ ಕೊಳ್ಳುವ ಮುಂಚೆ ಕಲಿಯಬೇಕಾದ್ದು ಇದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಕ್ಕಡಿಗೆ ಎರಡು ಬೇರೆ ಬೇರೆ ಪ್ರಶ್ನೆ ಕೇಳಬೇಕು. ಒಂದು, ಅದೇ ವಸ್ತುವನ್ನು ಮತ್ತೆ ಮತ್ತೆ ಇಟ್ಟರೆ ಮತ್ತೆ ಮತ್ತೆ ಅದೇ ಅಂಕಿ ಹೇಳುತ್ತೀಯಾ? ಎರಡು, ನೀನು ಹೇಳುವ ಅಂಕಿ ನಿಜವಾ? ಜನ ಈ ಎರಡನ್ನೂ ‘ಆಕ್ಯುರೆಸಿ’ ಅನ್ನುವ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಒಂದು ತಕ್ಕಡಿ ಯಾವಾಗಲೂ 0.3 ಗ್ರೇನ್ ಕಡಿಮೆ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ಇವತ್ತೂ ಅಷ್ಟೇ, ಮುಂದಿನ ತಿಂಗಳೂ ಅಷ್ಟೇ. ಅದರಲ್ಲಿ ತೂಗಿದ ತೋಟಾಗಳೆಲ್ಲ 40.3 ಗ್ರೇನ್ ಆಗಿರುತ್ತವೆ, ಆದರೆ ಎಲ್ಲವೂ ಒಂದೇ ಥರ. ಗುಂಡುಗಳು ಒಂದೇ ಕಡೆ ಹೋಗುತ್ತವೆ. ಗುರಿಯ ಮಟ್ಟಿಗೆ ಈ ತಕ್ಕಡಿ ಚೆನ್ನಾಗಿದೆ. ಇನ್ನೊಂದು ತಕ್ಕಡಿ ಸರಾಸರಿ ನೋಡಿದರೆ ಸತ್ಯವನ್ನೇ ಹೇಳುತ್ತದೆ, ಆದರೆ ಒಮ್ಮೆ 39.8, ಒಮ್ಮೆ 40.2 ಅಂತ ಓಲಾಡುತ್ತದೆ. ಗುರಿಗೆ ಇದು ಕೆಟ್ಟದ್ದು.

ಹಾಗಂತ ಮೊದಲನೇ ತಕ್ಕಡಿಯೇ ಒಳ್ಳೆಯದು ಅಂತ ಮನೆಗೆ ತೆಗೆದುಕೊಂಡು ಹೋಗುವಂತಿಲ್ಲ. ಮದ್ದಿನ ಕಂಪನಿಗಳು ಕೈಪಿಡಿಗಳಲ್ಲಿ ಇಷ್ಟಕ್ಕಿಂತ ಜಾಸ್ತಿ ಹಾಕಬೇಡಿ ಅಂತ ಒಂದು ಗೆರೆ ಎಳೆದಿರುತ್ತವೆ. ಆ ಗೆರೆ ಇರುವುದು ನಿಜವಾದ ಗ್ರೇನಿನಲ್ಲಿ, ನಮ್ಮ ತಕ್ಕಡಿಯ ಗ್ರೇನಿನಲ್ಲಲ್ಲ. ಗೆರೆಯ ಹತ್ತಿರ ಹೋದಂತೆ ಮದ್ದು ಸ್ವಲ್ಪ ಏರಿದರೂ ಬ್ಯಾರೆಲ್ ಒಳಗಿನ ಒತ್ತಡ ಅದಕ್ಕಿಂತ ಜೋರಾಗಿ ಏರುತ್ತದೆ. ಅದಕ್ಕೇ ಗರಿಷ್ಠಕ್ಕಿಂತ ಸುಮಾರು ಶೇಕಡಾ 10 ಕಡಿಮೆಯಿಂದ ಶುರು ಮಾಡಿ ಅಂತ ಕೈಪಿಡಿಗಳು ಹೇಳುವುದು. ಅಂದರೆ ಗುರಿ ಒಂದೇ ಕಡೆ ಬೀಳಬೇಕಾದರೆ ಮೊದಲ ಪ್ರಶ್ನೆಗೆ ಉತ್ತರ ಬೇಕು. ಕೈ, ಕಣ್ಣು ಉಳಿಯಬೇಕಾದರೆ ಎರಡನೆಯದಕ್ಕೂ ಬೇಕು. ಇಡೀ ಉಪನ್ಯಾಸದಲ್ಲಿ ನನಗೆ ಹೇಳಲೇಬೇಕು ಅನ್ನಿಸಿದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಎರಡನೇ ಪ್ರಶ್ನೆಗೆ ಸಂಬಂಧಪಟ್ಟ ಒಂದು ವಿಷಯ ನನಗೆ ಬಹಳ ಇಷ್ಟ, ಅದೂ ನಮ್ಮ ಮೈಸೂರಿನದು. ಎಲೆಕ್ಟ್ರಾನಿಕ್ ತಕ್ಕಡಿ ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅಂತ ನೇರವಾಗಿ ಅಳೆಯುವುದಿಲ್ಲ. ಭೂಮಿ ಅದನ್ನು ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವುದನ್ನು ಅಳೆಯುತ್ತದೆ. ಆ ಎಳೆತ ಎಲ್ಲ ಕಡೆ ಒಂದೇ ಇಲ್ಲ. ಸಮಭಾಜಕದ ಹತ್ತಿರ ಕಡಿಮೆ, ಧ್ರುವದ ಕಡೆ ಜಾಸ್ತಿ. ಎತ್ತರಕ್ಕೆ ಹೋದರೂ ಕಡಿಮೆ. ನಾವು 12 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ, ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲೆ. ಇಲ್ಲಿ ಗುರುತ್ವದ ಬೆಲೆ 9.78. ದೆಹಲಿಯಲ್ಲಿ 9.79. ಜರ್ಮನಿಯಲ್ಲಿ 9.81.

ಸಣ್ಣ ವ್ಯತ್ಯಾಸ ಅನ್ನಿಸುತ್ತೆ. ಲೆಕ್ಕ ಹಾಕಿ ನೋಡಿ. ಜರ್ಮನಿಯಲ್ಲಿ ಸರಿಹೊಂದಿಸಿದ ತಕ್ಕಡಿಯನ್ನು ಇಲ್ಲಿಗೆ ತಂದು, ಮತ್ತೆ ಬಟ್ಟು ಇಟ್ಟು ಸರಿ ಮಾಡದೆ ಬಳಸಿದರೆ, ನಿಜವಾದ 40 ಗ್ರೇನನ್ನು ಅದು 39.88 ಅನ್ನುತ್ತದೆ. ಶೇಕಡಾ 0.3 ಕಡಿಮೆ. 40 ತೋರಿಸಬೇಕಾದರೆ ನೀವು 0.12 ಗ್ರೇನ್ ಜಾಸ್ತಿ ಸುರಿಯಬೇಕು. ಡಬ್ಬದ ಮೇಲೆ ಬರೆದ ನಿಖರತೆಯನ್ನು ಬರೀ ಊರು ಬದಲಾಗಿದ್ದೇ ತಿಂದುಹಾಕಿತು. ಅದೇ ತಕ್ಕಡಿಯಲ್ಲಿ 10 ಗ್ರಾಂ ಚಿನ್ನ ಇಟ್ಟರೆ 30 ಮಿಲಿಗ್ರಾಂ ಮಾಯ. ಅಶೋಕ ರಸ್ತೆಯ ಚಿನ್ನದ ಅಂಗಡಿಯವರು ಇದನ್ನು ಸುಮ್ನೆ ಬಿಡುತ್ತಾರಾ? ಅದಕ್ಕೇ ಒಳ್ಳೆಯ ತಕ್ಕಡಿಯ ಜೊತೆ ಒಂದು ಬಟ್ಟು ಕೊಟ್ಟು, ಬಳಸುವ ಜಾಗದಲ್ಲೇ ಕ್ಯಾಲಿಬ್ರೇಟ್ ಮಾಡಿ ಅಂತ ಬರೆದಿರುತ್ತಾರೆ. ಜನ ಆ ಕಾಗದವನ್ನು ಡಬ್ಬದ ಜೊತೆ ಅಟ್ಟಕ್ಕೆ ಹಾಕುತ್ತಾರೆ.

ಹಳೆಯ ತೋಲು ತಕ್ಕಡಿಗೆ, ಅಂದರೆ ಅಡ್ಡ ಕಡ್ಡಿ ಮೇಲೆ ಕೆಳಗೆ ಆಡಿ ತೂಗುವ ತಕ್ಕಡಿಗೆ, ಈ ತಾಪತ್ರಯವಿಲ್ಲ. ಎರಡು ಕಡೆಯನ್ನೂ ಭೂಮಿ ಒಂದೇ ಥರ ಎಳೆಯುತ್ತದೆ. ಮೈಸೂರಿನಲ್ಲೂ ಬರ್ಲಿನ್‌ನಲ್ಲೂ ಅದರ ಉತ್ತರ ಒಂದೇ. ಮದ್ದು ತೂಗುವವರಲ್ಲಿ ಇವತ್ತಿಗೂ ತೋಲು ತಕ್ಕಡಿ ಬಿಡದವರು ಇದ್ದಾರೆ. ಅದರಲ್ಲಿ ಉಕ್ಕಿನ ಕತ್ತಿಯಂಚು ಅಗೇಟ್ ಕಲ್ಲಿನ ಮೇಲೆ ಕೂತಿರುತ್ತದೆ. ತೋಲಿನ ಒಂದು ತುದಿಯಲ್ಲಿರುವ ತಾಮ್ರದ ಪಟ್ಟಿ ಎರಡು ಅಯಸ್ಕಾಂತಗಳ ನಡುವೆ ಆಡುತ್ತದೆ. ಪಟ್ಟಿ ಚಲಿಸಿದಾಗ ಮಾತ್ರ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ ತಡೆಯುತ್ತದೆ, ನಿಂತ ಮೇಲೆ ತಡೆಯೇ ಇಲ್ಲ. ಹಾಗಾಗಿ ತೋಲು ಬೇಗ ನಿಲ್ಲುತ್ತದೆ, ಆದರೆ ತೂಕಕ್ಕೆ ಏನೂ ಆಗುವುದಿಲ್ಲ. ಎಷ್ಟು ಚಂದದ ಉಪಾಯ ನೋಡಿ! ಅದರ ಶತ್ರು ಧೂಳು. ಅಗೇಟ್ ಕಲ್ಲಿನ ತೋಡಿನಲ್ಲಿ ಒಂದು ಕಣ ಕೂತರೂ ತೋಲು ಒಮ್ಮೆ ಒಂದು ಕಡೆ, ಇನ್ನೊಮ್ಮೆ ಇನ್ನೊಂದು ಕಡೆ ನಿಲ್ಲುತ್ತದೆ. ಮುಳ್ಳನ್ನು ನೇರವಾಗಿ ನೋಡದೆ ಮೇಲಿನಿಂದ ಬಗ್ಗಿ ನೋಡಿದರೂ ತಪ್ಪು ಓದುತ್ತೀರಿ.

ಎಲೆಕ್ಟ್ರಾನಿಕ್‌ನಲ್ಲಿ ಎರಡು ಜಾತಿ. ಅಗ್ಗದ್ದರಲ್ಲಿ ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಇರುತ್ತದೆ. ತೂಕ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಮೇಲೆ ಅಂಟಿಸಿದ ತೆಳು ತಂತಿಯ ರೋಧ ಬದಲಾಗುತ್ತದೆ, ಅದೇ ಅಂಕಿಯಾಗುತ್ತದೆ. ಬಿಸಿಲೇರಿದಂತೆ ಆ ಲೋಹ, ಆ ತಂತಿ ಎರಡೂ ಸ್ವಲ್ಪ ಬದಲಾಗುತ್ತವೆ. ಆನ್ ಮಾಡಿದ ತಕ್ಷಣ ಒಳಗಿನ ಸರ್ಕ್ಯೂಟ್ ಬಿಸಿಯಾಗುತ್ತಾ ಹೋಗುವಾಗಲೂ ಅಷ್ಟೇ. ಅದಕ್ಕೆ ಅರ್ಧ ಗಂಟೆ ಬಿಟ್ಟು ಕೆಲಸ ಶುರು ಮಾಡಬೇಕು. ದುಬಾರಿ ಜಾತಿಯದ್ದರಲ್ಲಿ ತಟ್ಟೆಯನ್ನು ಒಂದು ವಿದ್ಯುತ್ ಸುರುಳಿ ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ. ತೂಕ ಬಿದ್ದಷ್ಟೂ ಕರೆಂಟ್ ಜಾಸ್ತಿ ಹರಿಸಿ ತಟ್ಟೆಯನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತದೆ. ಎಷ್ಟು ಕರೆಂಟ್ ಬೇಕಾಯಿತು ಅನ್ನುವುದೇ ತೂಕ. ಏನೂ ಬಗ್ಗುವುದಿಲ್ಲ, ಹಾಗಾಗಿ 1 ಮಿಲಿಗ್ರಾಂ ಸುಲಭವಾಗಿ ಹಿಡಿಯುತ್ತದೆ. ಮದ್ದಿನ ಒಂದು ತುಣುಕು ಬಿದ್ದರೆ ಗೊತ್ತಾಗುತ್ತದೆ. ಜನ ದುಡ್ಡು ಸುರಿಯುವುದು ಇದಕ್ಕೆ.

ಅಷ್ಟು ದುಡ್ಡು ಕೊಟ್ಟರೆ ಗುರಿ ಎಷ್ಟು ಸುಧಾರಿಸುತ್ತದೆ? ಸಾಮಾನ್ಯ ಪಾಯಿಂಟ್ ಥ್ರೀ ನಾಟ್ ಏಟ್ ರೈಫಲ್ ತೋಟಾ ತೆಗೆದುಕೊಳ್ಳಿ. ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ. ಮದ್ದು 1 ಗ್ರೇನ್ ಬದಲಾದರೆ ವೇಗ ಸರಿಸುಮಾರು 17 ಮೀಟರ್ ಬದಲಾಗುತ್ತದೆ. ಪ್ಲಸ್ ಆರ್ ಮೈನಸ್ 0.1 ಗ್ರೇನ್ ಒಳಗೆ ಎಲ್ಲೆಂದರಲ್ಲಿ ಬೀಳುವ ತಕ್ಕಡಿಯಿಂದ ವೇಗದಲ್ಲಿ ಬರುವ ಚೆದುರುವಿಕೆ, ಅಂದರೆ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಸ್ಟ್ಯಾಂಡರ್ಡ್ ಡೀವಿಯೇಶನ್, ಸೆಕೆಂಡಿಗೆ 1 ಮೀಟರ್ ಆಗುತ್ತದೆ.

ಚೆದುರುವಿಕೆಗೆ ತಕ್ಕಡಿ ಒಂದೇ ಕಾರಣ ಅಲ್ಲ. ಪ್ರೈಮರ್‌ನ ಉರಿ ಒಂದೊಂದರಲ್ಲಿ ಒಂದೊಂದು ಥರ. ಕೇಸಿನ ಒಳಗಿನ ಜಾಗ ಒಂದೇ ಇರುವುದಿಲ್ಲ. ಕೇಸಿನ ಕತ್ತು ಗುಂಡನ್ನು ಹಿಡಿದಿರುವ ಬಿಗಿ ಬೇರೆ ಬೇರೆ. ಇವೆಲ್ಲ ಸೇರಿ 4 ಮೀಟರ್ ಚೆದುರಿಸುತ್ತಿವೆ ಅಂದುಕೊಳ್ಳಿ. ತಕ್ಕಡಿಯ 1 ಮೀಟರ್ ಇದಕ್ಕೆ ಸೇರಿದರೆ 5 ಆಗುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಚೆದುರುವಿಕೆಗಳು ಹಾಗೆ ಕೂಡುವುದಿಲ್ಲ. ಎರಡರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. 16ಕ್ಕೆ 1 ಸೇರಿದರೆ 17, ಅದರ ವರ್ಗಮೂಲ 4.12. ಅಂದರೆ ಜಗತ್ತಿನ ಅತ್ಯುತ್ತಮ ತಕ್ಕಡಿ ತಂದರೂ ನೀವು 4.12ರಿಂದ 4ಕ್ಕೆ ಇಳಿಯುತ್ತೀರಿ. ಕಾಗದದ ಮೇಲಿನ ಗುರಿಯಲ್ಲಿ ಅದು ಯಾರಿಗೂ ಕಾಣುವುದಿಲ್ಲ.

ಉಳಿದ ಕಾರಣಗಳನ್ನೆಲ್ಲ ಕಷ್ಟಪಟ್ಟು 2 ಮೀಟರ್‌ಗೆ ಇಳಿಸಿದವರ ಲೆಕ್ಕ ಬೇರೆ. 4ಕ್ಕೆ 1 ಸೇರಿ 5, ವರ್ಗಮೂಲ 2.24. ಅವರಿಗೆ ಒಳ್ಳೆಯ ತಕ್ಕಡಿ ಶೇಕಡಾ 10ರಷ್ಟು ಕೊಡುತ್ತದೆ. ಮಿಕ್ಕದ್ದೆಲ್ಲ ಸರಿಯಾದ ಮೇಲೆ ತಕ್ಕಡಿಯ ಸರದಿ. ಅಂಗಡಿಗಳು ಇದನ್ನು ತಿರುಗುಮುರುಗಾಗಿ ಮಾರುತ್ತವೆ, ನನಗೆ ಬೇಸರವಾಗುವುದು ಅದಕ್ಕೆ. ಹೊಸದಾಗಿ ಶುರು ಮಾಡಿದವನ ಕೈಗೆ ಮೊದಲು ದುಬಾರಿ ತಕ್ಕಡಿ ಕೊಡುತ್ತಾರೆ.

ದೂರವೂ ಮುಖ್ಯ. ವೇಗ ಸೆಕೆಂಡಿಗೆ 3 ಮೀಟರ್ ಕಡಿಮೆಯಾದರೆ 100 ಗಜದಲ್ಲಿ ಗುಂಡು ಮೊದಲಿಗಿಂತ ಒಂದು ಮಿಲಿಮೀಟರ್ ಕೂಡ ಹೆಚ್ಚು ಕೆಳಗೆ ಬೀಳುವುದಿಲ್ಲ. 1000 ಗಜದಲ್ಲಿ ಅದೇ ವ್ಯತ್ಯಾಸ 8ರಿಂದ 10 ಸೆಂಟಿಮೀಟರ್ ಆಗುತ್ತದೆ. ಅದಕ್ಕೇ 100, 200 ಗಜದ ಬೆಂಚ್‌ರೆಸ್ಟ್ (ರೈಫಲನ್ನು ಮೇಜಿನ ಮೇಲೆ ಆನಿಸಿ ಹಾರಿಸುವ) ಸ್ಪರ್ಧೆಗಳಲ್ಲಿ ಬಹಳ ಜನ ಮದ್ದನ್ನು ತೂಗುವುದೇ ಇಲ್ಲ! ಅಳತೆಯ ಡಬ್ಬಿಯ ಹಿಡಿ ತಿರುಗಿಸಿ, ಪರಿಮಾಣದ ಲೆಕ್ಕದಲ್ಲಿ ಸುರಿದುಕೊಳ್ಳುತ್ತಾರೆ. ಆದರೂ ಐದು ಗುಂಡುಗಳನ್ನು ಒಂದೇ ತೂತಿನಲ್ಲಿ ಹಾಕುತ್ತಾರೆ. 1000 ಗಜದವರು ಮಾತ್ರ ಒಂದೊಂದು ತುಣುಕನ್ನೂ ಎಣಿಸುತ್ತಾರೆ. ಇಬ್ಬರೂ ಸರಿಯೇ.

ಪಿಸ್ತೂಲಿನ ವಿಷಯಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಅಲ್ಲಿ ಮದ್ದು ನಾಲ್ಕೈದು ಗ್ರೇನ್ ಅಷ್ಟೇ. 40 ಗ್ರೇನಿನಲ್ಲಿ 0.1 ಅಂದರೆ ಶೇಕಡಾ ಕಾಲು ಭಾಗ. 4 ಗ್ರೇನಿನಲ್ಲಿ ಅದೇ 0.1 ಶೇಕಡಾ ಎರಡೂವರೆ. ತಕ್ಕಡಿ ಅದೇ, ತಪ್ಪು ಹತ್ತುಪಟ್ಟು. ಜೊತೆಗೆ ಬೇಗ ಉರಿಯುವ ಮದ್ದು ಕೇಸಿನಲ್ಲಿ ಅರ್ಧ ಜಾಗವನ್ನೂ ತುಂಬದೇ ಇರಬಹುದು. ಹಾಗಾಗಿ ಗೊತ್ತಿಲ್ಲದೆ ಎರಡು ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. ಬಂದೂಕು ಒಡೆಯುವುದು ಇಂಥ ಕಡೆ, 0.1 ಗ್ರೇನಿನಿಂದಲ್ಲ. ಇಲ್ಲಿ ತಕ್ಕಡಿಯ ಕೆಲಸ ನಯನಾಜೂಕಿನದಲ್ಲ, ಕಾವಲಿನದು. ನಡುನಡುವೆ ತೂಗಿ ನೋಡುತ್ತಾ, ಕೇಸುಗಳನ್ನು ಸಾಲಾಗಿ ನಿಲ್ಲಿಸಿ ದೀಪ ಹಿಡಿದು ಒಳಗೆ ಇಣುಕುವವರು ಪುಕ್ಕಲರಲ್ಲ, ಕೆಲಸ ಬಲ್ಲವರು.

ಇನ್ನು ಕೋಣೆಯ ವಿಷಯ. ನಮ್ಮ ಮನೆಗಳಲ್ಲಿ ತಕ್ಕಡಿಯ ಮೊದಲ ವೈರಿ ಸೀಲಿಂಗ್ ಫ್ಯಾನ್. ಈ ಫ್ಯಾನ್ ಹಾಕುತ್ತೇನೆ, ಅಂಕಿಯನ್ನು ನೋಡಿ. ಹೇಗೆ ಕುಣಿಯುತ್ತಿದೆ! ಬಟ್ಟಿನ ತೂಕ ಅಷ್ಟೇ ಇದೆ, ತಟ್ಟೆಯ ಮೇಲೆ ಗಾಳಿ ಒತ್ತುತ್ತಿದೆ. ತಕ್ಕಡಿ ಪಕ್ಕದಲ್ಲಿ ಮೊಬೈಲ್ ಇಟ್ಟರೂ ಕೆಲವು ತಕ್ಕಡಿಗಳ ಅಂಕಿ ಅಲ್ಲಾಡುತ್ತದೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆಗೆ ಸ್ಥಿರ ವಿದ್ಯುತ್ ಹಿಡಿಯುತ್ತದೆ. ಮದ್ದಿನ ತುಣುಕುಗಳು ತಟ್ಟೆಗೆ ಅಂಟಿ ಕೇಸಿಗೆ ಬೀಳುವುದೇ ಇಲ್ಲ. ಮದ್ದಿಗೆ ಗ್ರಾಫೈಟ್ ಲೇಪ ಕೊಡುವುದು ಇದನ್ನು ಕಡಿಮೆ ಮಾಡಲಿಕ್ಕೇ. ಆದರೂ ಲೋಹದ ತಟ್ಟೆ ವಾಸಿ.

ತಕ್ಕಡಿ ಎಷ್ಟೇ ಒಳ್ಳೆಯದಾದರೂ ಹೇಳಲಾಗದ ಒಂದು ಸಂಗತಿ ಇದೆ. ಅದು ತೇವ. ಇವತ್ತಿನ ತೋಟಾಗಳ ಹೊಗೆರಹಿತ ಮದ್ದು ಗಾಳಿಯ ತೇವವನ್ನು ಸ್ವಲ್ಪ ಸ್ವಲ್ಪವೇ ಹೀರುತ್ತದೆ, ಒಣ ಹವೆಯಲ್ಲಿ ಬಿಟ್ಟುಕೊಡುತ್ತದೆ. ತೇವ ಹೀರಿದ 40 ಗ್ರೇನಿನಲ್ಲಿ ಒಂದು ಪಾಲು ನೀರು. ಉರಿಯುವುದೂ ನಿಧಾನ. ಒಣಗಿದ 40 ಗ್ರೇನ್ ಬೇಗ ಉರಿಯುತ್ತದೆ, ಒತ್ತಡ ಏರಿಸುತ್ತದೆ. ತಕ್ಕಡಿಗೆ ಎರಡೂ ಒಂದೇ. ಮಳೆಗಾಲದಲ್ಲಿ ಡಬ್ಬದ ಮುಚ್ಚಳ ತೆರೆದಿಟ್ಟು, ತುಣುಕು ತುಣುಕು ತೂಗಿ ಕೂತವನ ಶ್ರಮವೆಲ್ಲ ವ್ಯರ್ಥ.

ನಮ್ಮ ಪಕ್ಕದ ಶ್ರೀರಂಗಪಟ್ಟಣಕ್ಕೆ ಹೋದರೆ ಇದು ಎಷ್ಟು ಹಳೆಯ ಚಿಂತೆ ಅಂತ ಕಾಣುತ್ತದೆ. ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಅಲ್ಲಿವೆ. ಅವುಗಳಲ್ಲಿ ಒಂದನ್ನು 2017ರಲ್ಲಿ ರೈಲ್ವೆ ಜೋಡಿ ಹಳಿಗೆ ಜಾಗ ಮಾಡಲು ಕಟ್ಟಡ ಕಟ್ಟಡವೇ ಎತ್ತಿ ಪಕ್ಕಕ್ಕೆ ಸರಿಸಿದ್ದು ನಿಮಗೆ ನೆನಪಿರಬಹುದು. ಆ ದಪ್ಪ ಗೋಡೆಗಳ ಒಳಗೆ ಇಟ್ಟಿದ್ದು ಹಳೆಯ ಕಾಲದ, ಹೊಗೆ ಕಾರುವ ಕಪ್ಪು ಮದ್ದು. ಗೋಡೆ ಮದ್ದನ್ನು ಬೆಂಕಿಯಿಂದ ಕಾಯಬೇಕು, ಸುತ್ತ ಕಾವೇರಿ ಹರಿಯುವ ದ್ವೀಪದಲ್ಲಿ ತೇವದಿಂದಲೂ ಕಾಯಬೇಕು. ಕಪ್ಪು ಮದ್ದನ್ನು ಇವತ್ತಿಗೂ ಹೆಚ್ಚಾಗಿ ಪರಿಮಾಣದಲ್ಲೇ ಅಳೆಯುತ್ತಾರೆ, ತೂಕದಲ್ಲಲ್ಲ. ಅದನ್ನು ಒಣಗಿಸಿ ಇಡುವುದೇ ಅರ್ಧ ಅಳತೆ.

ತಕ್ಕಡಿಯನ್ನು ಪರೀಕ್ಷಿಸುವುದು ಹೇಗೆ? ನಾಣ್ಯ ಇಟ್ಟು ನೋಡಬೇಡಿ. ನಾಣ್ಯ ಸವೆಯುತ್ತದೆ, ಕೊಳೆ ಹಿಡಿಯುತ್ತದೆ. ದರ್ಜೆ ಬರೆದ ಬಟ್ಟು ಕೊಳ್ಳಿ. ಅಂತರರಾಷ್ಟ್ರೀಯ ದರ್ಜೆಯಲ್ಲಿ ಎಂ1 ಅನ್ನುವುದು ಸಾಧಾರಣದ್ದು. ಅದರಲ್ಲಿ 2 ಗ್ರಾಂ ಬಟ್ಟು ಜಾಸ್ತಿ ಅಂದರೆ 1.2 ಮಿಲಿಗ್ರಾಂ ಆಚೀಚೆ ಇರಬಹುದು. ಗ್ರೇನಿನಲ್ಲಿ 0.02ಕ್ಕಿಂತ ಕಡಿಮೆ. 0.1 ತೋರಿಸುವ ತಕ್ಕಡಿಗೆ ಅದು ಧಾರಾಳ. 1 ಮಿಲಿಗ್ರಾಂ ತಕ್ಕಡಿಗೆ ಮಾತ್ರ ಎಫ್1 ದರ್ಜೆ ಬೇಕು, ಅದರಲ್ಲಿ ಅದೇ 2 ಗ್ರಾಂ ಬಟ್ಟು 0.12 ಮಿಲಿಗ್ರಾಂ ಒಳಗಿರುತ್ತದೆ. ಬಟ್ಟನ್ನು ಬೆರಳಲ್ಲಿ ಮುಟ್ಟಬೇಡಿ, ಚಿಮುಟ ಬಳಸಿ. ಬೆರಳಿನ ಜಿಡ್ಡಿಗೂ ತೂಕ ಇದೆ. ಮತ್ತೆ, ತೂಗಬೇಕಾದ ತೂಕಕ್ಕೆ ಹತ್ತಿರವಿರುವ ಬಟ್ಟು ಇಡಿ. 100 ಗ್ರಾಂನಲ್ಲಿ ಸರಿ ಇರುವ ತಕ್ಕಡಿ ಎರಡೂವರೆ ಗ್ರಾಂನಲ್ಲೂ ಸರಿ ಇರುತ್ತದೆ ಅಂತ ಗ್ಯಾರಂಟಿ ಏನಿಲ್ಲ. ಕೆಲಸ ಶುರು ಮಾಡುವಾಗ ಒಮ್ಮೆ, ನಡುವೆ ಆಗಾಗ, ಮುಗಿಸಿದ ಮೇಲೆ ಒಮ್ಮೆ. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ತಕ್ಕಡಿ ನಡುವೆ ಜಾರಿತ್ತು ಅಂತ ತಿಳಿಯುವುದೇ ಆ ಕೊನೆಯ ಪರೀಕ್ಷೆಯಲ್ಲಿ.

ಮುಗಿಸುವ ಹೊತ್ತಿಗೆ ಒಬ್ಬ ಮೇಷ್ಟ್ರು ಒಳ್ಳೆಯ ಪ್ರಶ್ನೆ ಕೇಳಿದರು. ಹೊಸ ತಕ್ಕಡಿ ತಂದವನು ಐದು ಗುಂಡು ಹಾರಿಸಿ, ವೇಗ ಅಳೆದು, ಚೆದುರುವಿಕೆ 4ರಿಂದ 3ಕ್ಕೆ ಇಳಿಯಿತು ಅಂದರೆ ನಂಬಬಹುದಾ ಅಂತ. ನಂಬಬೇಡಿ. ಐದು ಗುಂಡಿನಲ್ಲಿ 3 ಬಂದರೆ ನಿಜವಾದ ಚೆದುರುವಿಕೆ 1.8ರಿಂದ 8.6ರ ಒಳಗೆ ಎಲ್ಲಾದರೂ ಇರಬಹುದು. ಶೇಕಡಾ 95 ಭರವಸೆಯ ಲೆಕ್ಕ ಇದು. ಅಷ್ಟು ಅಗಲದ ಗೂಡಿನಲ್ಲಿ ಹಳೆಯ ತಕ್ಕಡಿ, ಹೊಸ ತಕ್ಕಡಿ ಎರಡೂ ಕೂರುತ್ತವೆ. ಮೂವತ್ತು, ನಲವತ್ತು ಗುಂಡು ಹಾರಿಸದೆ ಇಂಥ ಮಾತು ಆಡಬಾರದು.

ಆಮೇಲೆ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವ ಒಬ್ಬಳು ಹುಡುಗಿ ಎದ್ದು, ನಾವು ಪೆಲೆಟ್ ತೂಗಿ ಆರಿಸಬೇಕಾ ಸಾರ್ ಅಂತ ಕೇಳಿದಳು. ಅವಳ ಲೆಕ್ಕವನ್ನು ಅಲ್ಲೇ ಬೋರ್ಡಿನಲ್ಲಿ ಮಾಡಿದೆವು. ಪೆಲೆಟ್ ಸುಮಾರು 0.53 ಗ್ರಾಂ. ವೇಗ ಸೆಕೆಂಡಿಗೆ 170 ಮೀಟರ್ ಅಂತ ಹಿಡಿದರೆ ಹತ್ತು ಮೀಟರ್ ದಾಟಲು 0.06 ಸೆಕೆಂಡು. ಅಷ್ಟರಲ್ಲಿ ಅದು ಸುಮಾರು 17 ಮಿಲಿಮೀಟರ್ ಕೆಳಗಿಳಿಯುತ್ತದೆ. ಪೆಲೆಟ್ ಶೇಕಡಾ 1 ಭಾರವಾದರೆ ವೇಗ ಅರ್ಧ ಶೇಕಡಾ ಕಡಿಮೆ, ಇಳಿತ ಶೇಕಡಾ 1 ಜಾಸ್ತಿ. ಅಂದರೆ 0.17 ಮಿಲಿಮೀಟರ್. ನಿಮ್ಮ ಸ್ಕೋರಿನಲ್ಲಿ 0.1 ಅಂಕ ಅಂದರೆ 0.25 ಮಿಲಿಮೀಟರ್. ಹಾಗಾಗಿ ಆ ವ್ಯತ್ಯಾಸ ಒಂದು ದಶಮಾಂಶಕ್ಕೂ ಸಾಲುವುದಿಲ್ಲ.

ಶೇಕಡಾ 1 ಅಂದರೆ 5 ಮಿಲಿಗ್ರಾಂ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ತಕ್ಕಡಿ ತೋರಿಸುವುದು 10 ಮಿಲಿಗ್ರಾಂನ ಮೆಟ್ಟಿಲಿನಲ್ಲಿ. ಅದಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅದರಲ್ಲಿ ತೂಗಿ ಆರಿಸಿದರೆ ಆರಿಸಿದ್ದೂ ಒಂದೇ, ಆರಿಸದೇ ಇದ್ದದ್ದೂ ಒಂದೇ. 1 ಮಿಲಿಗ್ರಾಂ ತಕ್ಕಡಿ ಯಾರ ಹತ್ತಿರವಾದರೂ ಇದ್ದರೆ ತೂಗಿ, ತೀರಾ ಹಗುರ, ತೀರಾ ಭಾರ ಇರುವುದನ್ನು ಅಭ್ಯಾಸಕ್ಕೆ ಪಕ್ಕಕ್ಕಿಡಿ. ಅದಕ್ಕಿಂತ ಮುಂಚೆ ಪೆಲೆಟ್‌ನ ಹಿಂಭಾಗದ ಲಂಗದಂಥ ಅಂಚು ನೆಗ್ಗಿದೆಯಾ ಅಂತ ಕಣ್ಣಲ್ಲೇ ನೋಡಿ. ಸೊಟ್ಟಗಾದ ಪೆಲೆಟ್ ತೂಕದಲ್ಲಿ ಸರಿಯಾಗಿಯೇ ಇರುತ್ತದೆ. ತಕ್ಕಡಿ ಅದನ್ನು ಹಿಡಿಯುವುದಿಲ್ಲ.